ಗಂಗಯ್ಯ ಹೊಡೆದದ್ದು ಎಷ್ಟು ಮಂದಿಯನ್ನು

ಕುದೂರಿನಿಂದ ಸೋಲೂರಿಗೆ ಹೋಗುವ ರಸ್ತೆಯಲ್ಲಿ ಕಾರಿನ ಸೀಟಿಗೆ ಸ್ಪಂಜು ಮಾಡುವ ಕಾರ್ಖಾನೆಯೊಂದು ಎದ್ದಿತ್ತು. ಅದರ ಗೇಟಿನಲ್ಲಿ ಗಂಗಯ್ಯ ಸೆಕ್ಯೂರಿಟಿ. ನೀಲಿ ಅಂಗಿ, ಕೊರಳಲ್ಲಿ ವಿಷಲ್, ತಲೆಗೆ ಒಂದು ಸೈಜು ದೊಡ್ಡದಾದ ಟೋಪಿ. ಮಾಜಿ ಸೈನಿಕನೆಂದು ಕಾರ್ಖಾನೆಯವರು ಅವನ ತೋಳಿಗೆ ಉಳಿದ ಗಾರ್ಡುಗಳಿಗಿಂತ ಒಂದು ಪಟ್ಟಿ ಹೆಚ್ಚಿಗೆ ಹೊಲಿಸಿಕೊಟ್ಟಿದ್ದರು. ಆ ಪಟ್ಟಿಯ ದೆಸೆಯಿಂದ ಅವನಿಗೆ ನೆಮ್ಮದಿ ಇರಲಿಲ್ಲ. ಲಾರಿ ಡ್ರೈವರಿನಿಂದ ಹಿಡಿದು ಕ್ಯಾಂಟೀನಿಗೆ ಹಾಲು ಹಾಕುವವನವರೆಗೆ ಎಲ್ಲರೂ ಕೇಳುತ್ತಿದ್ದುದು ಒಂದೇ ಮಾತು.

“ಗಂಗಣ್ಣ, ಮಿಲಿಟ್ರೀಲಿ ಎಷ್ಟ್ ಜನಾನ ಹೊಡ್ದೆ?”

ಎರಡು ಸಾವಿರದ ಒಂದರಲ್ಲಿ ಪೆನ್ಷನ್ ತಗೊಂಡು ಊರಿಗೆ ಬಂದ ದಿನ, ಬಸ್ಸಿನ ಮೇಲಿಂದ ಟ್ರಂಕು ಇಳಿಸುತ್ತಿರುವಾಗಲೇ ಯಾರೋ ಹೀಗೆ ಕೇಳಿದ್ದಕ್ಕೆ ಅವನ ಬಾಯಿಂದ “ಏಳು” ಅಂತ ಬಂದುಬಿಟ್ಟಿತ್ತು. ಯಾಕೆ ಏಳು ಎಂದರೆ ಅವನಿಗೇ ಗೊತ್ತಿಲ್ಲ. ಸುಳ್ಳು ಹೇಳುವವನು ಹಿಂದೆ ಮುಂದೆ ನೋಡಿ ಹೇಳಬೇಕು, ಇವನಿಗೆ ಅಷ್ಟೂ ಬುದ್ಧಿ ಇರಲಿಲ್ಲ. ಒಂದು ಸಲ ಹೇಳಿದ ಮೇಲೆ ಕೇಳುವವರೇ ಅದನ್ನು ಸಾಕಿ ಬೆಳೆಸಿದರು. ಮೂರನೇ ವರ್ಷಕ್ಕೆ ಹನ್ನೊಂದಾಯಿತು, ಆರನೇ ವರ್ಷಕ್ಕೆ ಹದಿನಾಲ್ಕು. ಇನ್ನೊಂದು ಹತ್ತು ವರ್ಷ ಬಿಟ್ಟಿದ್ದರೆ ಗಡಿಯ ಆಚೆ ಕಡೆ ಒಬ್ಬನೂ ಉಳಿಯುತ್ತಿರಲಿಲ್ಲ ಎಂದು ಗಂಗಯ್ಯನಿಗೇ ಅನ್ನಿಸುತ್ತಿತ್ತು.

ನಿಜ ಏನೆಂದರೆ, ಹದಿನೇಳು ವರ್ಷದ ಸರ್ವೀಸಿನಲ್ಲಿ ಅವನು ಮಾಡಿದ್ದು ಹೇಸರಗತ್ತೆ ನೋಡಿಕೊಳ್ಳುವ ಕೆಲಸ. ಬೆಂಗಳೂರಿನಲ್ಲಿ ಭರ್ತಿಗೆ ನಿಂತಾಗ ಮೇಜಿನ ಆಚೆ ಕೂತಿದ್ದ ಸಾಹೇಬ ನಿಮ್ಮಪ್ಪ ಏನು ಮಾಡುತ್ತಾನೆ ಎಂದು ಕೇಳಿದ್ದ. ಕುರಿ ಸಾಕುತ್ತಾರೆ ಎಂದ ಕೂಡಲೇ ಸಾಹೇಬನ ಮುಖ ಅರಳಿತು. ತನ್ನ ಎದೆಯ ಅಗಲ ನೋಡಿ ಅರಳಿತೆಂದು ಗಂಗಯ್ಯ ತಿಳಿದ. ಒಂದು ವರ್ಷದ ಮೇಲೆ, ಹಿಮ ಬೀಳುವ ಬೆಟ್ಟದ ಬುಡದ ಲಾಯದಲ್ಲಿ, ಒಂದು ಬ್ರಷ್ಷು ಮತ್ತು ಗೊರಸು ಕೆರೆಯುವ ಕೊಕ್ಕೆಯನ್ನು ಕೈಗೆ ಕೊಟ್ಟಾಗ ಸಂಗತಿ ಅರ್ಥವಾಯಿತು. ಮಗ ಬಂದೂಕು ಹಿಡಿದಿದ್ದಾನೆ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಓಡಾಡುತ್ತಿದ್ದ ಹೊತ್ತಿನಲ್ಲಿ ಮಗ ಬಾಲ ಹಿಡಿದು ನಿಂತಿದ್ದ. ಕಾರ್ಗಿಲ್ ಯುದ್ಧವಾದ ವರ್ಷವಂತೂ ಊರಿನವರು ಗಂಗಯ್ಯನ ಹೆಸರಲ್ಲಿ ಆಂಜನೇಯನಿಗೆ ವಡೆಹಾರ ಹಾಕಿಸಿದರು. ಆ ದಿನ ಅವನು ಯುದ್ಧದಿಂದ ಐನೂರು ಮೈಲಿ ಆಚೆಯ ಡಿಪೋದಲ್ಲಿ, ಭೇದಿ ಹತ್ತಿದ್ದ ಹೇಸರಗತ್ತೆಯೊಂದರ ಹಿಂದೆ ಬಕೆಟ್ ಹಿಡಿದುಕೊಂಡು ದೇಶ ಕಾಯುತ್ತಿದ್ದ.

ಅವನ ಎಡ ಭುಜದಲ್ಲಿ ಹಳೆಯ ಗಾಯದ ಗುರುತೊಂದಿತ್ತು. ಗುಂಡು ಹೊಕ್ಕಿದ್ದು ಎಂದು ಊರಿಗೆಲ್ಲ ತೋರಿಸಿಯೂ ಆಗಿತ್ತು. ಗುಂಡಿನ ಗಾಯ ಕುಡುಗೋಲಿನ ಹಾಗೆ ಯಾಕೆ ಬಾಗಿದೆ ಎಂದು ಒಬ್ಬ ಕೇಳಿದಾಗ, ಬೆಟ್ಟದ ಮೇಲೆ ಗಾಳಿ ಜೋರು, ಗುಂಡು ಬಾಗಿಕೊಂಡೇ ಬರುತ್ತದೆ ಎಂದು ಹೇಳಿ ಪಾರಾಗಿದ್ದ. ಹೆಂಡತಿ ಮಾರಮ್ಮ ಮಾತ್ರ ಮೊದಲ ಸಲ ಎಣ್ಣೆ ಉಜ್ಜುವಾಗಲೇ ಬೆರಳಾಡಿಸಿ ನೋಡಿ ಹೇಳಿದ್ದಳು: “ಹಲ್ಲಿನ ಗುರ್ತು ನಂಗ್ ಗೊತ್ತಾಗಲ್ವಾ. ಯಾವ್ದಾರಾ ಕಚ್ಲಿ, ಬುಡಿ. ಆಚೆ ಮಾತ್ರ ಅಂಗಿ ಬಿಚ್ಬ್ಯಾಡಿ.”

ಹೀಗಿದ್ದ ಗಂಗಯ್ಯನ ಪೌರುಷಕ್ಕೆ ಮೊದಲ ಪೆಟ್ಟು ಬಿದ್ದದ್ದು ಸ್ವಂತ ಅಕ್ಕನ ಮನೆಯಿಂದ. ಅಕ್ಕ ಕೃಷ್ಣಮ್ಮನನ್ನು ಅದೇ ಊರಿನ ಮುನಿಶಾಮಯ್ಯನಿಗೆ ಕೊಟ್ಟಿತ್ತು. ಬಾವನಿಗೆ ಅರವತ್ತು ಕುರಿ, ಒಬ್ಬನೇ ಮಗ ಮುತ್ತುರಾಜು. ಹತ್ತನೇ ಕ್ಲಾಸು ಮುಗಿಸಿ ಆ ಹುಡುಗ ಕುರಿಗಳ ಹಿಂದೆಯೇ ಬೆಳೆದಿದ್ದ. ಅವು ಮೇಯುತ್ತಿದ್ದ ಗೋಮಾಳಕ್ಕೇ ಕಾರ್ಖಾನೆಯ ಕಾಂಪೌಂಡು ಬಂದದ್ದು. ಕುರಿಗಳಿಗೆ ಕಾಂಪೌಂಡು ಗೊತ್ತಾಗುತ್ತದೆಯೇ? ಗೇಟು ತೆರೆದಾಗಲೆಲ್ಲ ಒಳಗೆ ನುಗ್ಗಿ ಸಾಹೇಬರು ಬೆಳೆಸಿದ್ದ ಹುಲ್ಲುಹಾಸು ಮೇಯುತ್ತಿದ್ದವು. ಹದಿನಾಲ್ಕು ಜನರನ್ನು ಹೊಡೆದ ವೀರ ಕೆಲಸಕ್ಕೆ ಸೇರಿದ ಮೊದಲ ತಿಂಗಳು ಅಕ್ಕನ ಮನೆಯ ಕುರಿಗಳ ಹಿಂದೆ ವಿಷಲ್ ಊದುತ್ತ ಓಡಿದ. ಕೊನೆಗೆ ಮುನಿಶಾಮಯ್ಯ ಬೇಸತ್ತು ಮಂದೆಯನ್ನು ಇಡಿಯಾಗಿ ಮಾರಿಬಿಟ್ಟ. ಮುತ್ತುರಾಜು ಅದೇ ಕಾರ್ಖಾನೆಯಲ್ಲಿ ಕಾಂಟ್ರಾಕ್ಟಿನ ಮೇಲೆ ಲಾರಿಗೆ ಸ್ಪಂಜು ತುಂಬುವ ಕೆಲಸಕ್ಕೆ ಸೇರಿದ. ಅಂದಿನಿಂದ ಅವನು ಕೇಳಿದ್ದಕ್ಕೆ ಹೂಂ, ಉಹೂಂ ಎನ್ನುವುದು ಬಿಟ್ಟರೆ ಬಾಯಿ ಬಿಡುತ್ತಿರಲಿಲ್ಲ.

ಒಂದು ಭಾನುವಾರ ಬಾವ ಗಂಗಯ್ಯನ ಮನೆಗೆ ಬಂದು ಮಿಲಿಟರಿ ಕ್ಯಾಂಟೀನಿನ ರಮ್ಮಿನ ಮುಂದೆ ಕೂತ.

“ಇನ್ ಮೂರು ತಿಂಗ್ಳಿಗೆ ಬೆಂಗ್ಳೂರಲ್ಲಿ ಮಿಲಿಟ್ರಿ ಭರ್ತಿ ಐತಂತೆ. ನಮ್ ಮುತ್ತೂನ ಕಳಿಸ್ಬೇಕು ಅಂತ. ಅವ್ನು ಬ್ಯಾಡ ಅನ್ನಲ್ಲ, ಹೂಂ ಅನ್ನಲ್ಲ. ನೀನು ಒಸಿ ಹುರುಪು ಬರಂಗೆ ನಿನ್ ಕತೆ ಹೇಳ್ಲಾ.”

ರಮ್ ಕುಡಿದವನಿಗೆ ಇಲ್ಲ ಎನ್ನಬಹುದು, ಹೊಗಳಿದವನಿಗೆ ಇಲ್ಲ ಎನ್ನಲು ಗಂಗಯ್ಯನಿಗೆ ಬರುತ್ತಿರಲಿಲ್ಲ. ಆಗಲಿ ಎಂದ.

ಮಂಗಳವಾರ ಅಕ್ಕ ಬಸ್ಸಾರು ತಂದಳು. ಬಸ್ಸಾರಿನ ಹಿಂದೆ ಏನೋ ಇದೆ ಎಂದು ಗಂಗಯ್ಯನಿಗೆ ಗೊತ್ತಾಯಿತು, ಆದರೂ ಉಂಡ.

“ಗಂಗ, ನಮ್ ಹುಡ್ಗನ್ನ ಮಿಲಿಟ್ರಿಗೆ ಕಳಿಸ್ತಾರಂತೆ ನಿಮ್ ಬಾವ. ಇರೋದೊಂದು ಕಣಪ್ಪ. ನೀನು ಅಲ್ಲಿ ಸತ್ತೋರು, ಕೈಕಾಲು ಕಳ್ಕಂಡೋರ ಕತೆ ಹೇಳು. ಹೆದ್ರಿ ಸುಮ್ಕಾಗ್ಲಿ.”

ಅದಕ್ಕೂ ಆಗಲಿ ಎಂದ. ಹೀಗೆ ಒಂದೇ ಹುಡುಗನನ್ನು ಭಾನುವಾರ ಮಿಲಿಟರಿಗೆ ಅಟ್ಟುವುದು, ಬುಧವಾರ ಮಿಲಿಟರಿಯಿಂದ ಓಡಿಸುವುದು ಅವನ ಪಾಲಿಗೆ ಬಂತು. ಭಾನುವಾರ ಬಾವನ ಜಗಲಿಯ ಮೇಲೆ ಮೀಸೆ ತಿರುವಿಕೊಂಡು ಶೌರ್ಯದ ಕತೆ. ಬುಧವಾರ ಅವನ ವಾರದ ರಜ, ಅಂದು ಅಕ್ಕನ ಅಡುಗೆಮನೆಯ ಹೊಸ್ತಿಲಲ್ಲಿ ಧ್ವನಿ ತಗ್ಗಿಸಿ ಸಾವಿನ ಕತೆ. ಎರಡಕ್ಕೂ ಸರಕು ಬೇಕಲ್ಲ, ಅದಕ್ಕೆ ಹವಾಲ್ದಾರ್ ಭೀಮರಾವ್ ಎಂಬ ಒಬ್ಬನನ್ನು ಹುಟ್ಟಿಸಿದ. ಭಾನುವಾರದ ಭೀಮರಾವ್ ಬರಿಗೈಯಲ್ಲಿ ಗುಡ್ಡ ಹತ್ತಿ ಬಾವುಟ ನೆಟ್ಟ. ಬುಧವಾರದ ಭೀಮರಾವ್ ನೀರು ನೀರು ಎನ್ನುತ್ತ ಗಂಗಯ್ಯನ ತೊಡೆಯ ಮೇಲೆ ಪ್ರಾಣ ಬಿಟ್ಟ. ಅದನ್ನು ಹೇಳುವಾಗ ಗಂಗಯ್ಯನ ಕಣ್ಣಲ್ಲೇ ನೀರು ಬಂತು. ಸತ್ತವನು ಇಲ್ಲ, ಸತ್ತದ್ದು ಇಲ್ಲ, ತಾನೇ ಕಟ್ಟಿದ ಸುಳ್ಳಿಗೆ ತಾನೇ ಮೂಗು ಸೀಟಿಕೊಂಡ. ಇಷ್ಟು ಚೆನ್ನಾಗಿ ಅಳುವವನು ನಾಟಕದ ಕಂಪನಿ ಸೇರಬಾರದಿತ್ತೇ ಎಂದು ಮನೆಗೆ ಹೋಗುವ ದಾರಿಯಲ್ಲಿ ತನ್ನನ್ನೇ ಬೈದುಕೊಂಡ.

ಮುತ್ತುರಾಜು ಎರಡನ್ನೂ ಒಂದೇ ಮುಖದಲ್ಲಿ ಕೇಳುತ್ತಿದ್ದ. ಒಂದು ಭಾನುವಾರ ಭೀಮರಾವ್ ನಾಲ್ಕನೇ ಗುಡ್ಡ ಹತ್ತುತ್ತಿದ್ದಾಗ ಮಾತ್ರ ಮೆಲ್ಲಗೆ ಬಾಯಿ ಬಿಟ್ಟ.

“ಮಾವ, ಭೀಮರಾವ್ ಬುಧ್ವಾರ ಎರಡೂ ಕಾಲು ಹೋಗಿ ಸತ್ತೋಗಿದ್ನಲ್ಲ.”

ಮುನಿಶಾಮಯ್ಯ ಗ್ಲಾಸು ಕೆಳಗಿಟ್ಟು ಬಾಮೈದನ ಮುಖ ನೋಡಿದ. ಗಂಗಯ್ಯ ಕೆಮ್ಮಿದ, ಅದು ಬೇರೆ ಭೀಮರಾವ್ ಎಂದ, ಮರಾಠಿ ಪಡೆಯಲ್ಲಿ ಬೀದಿಗೊಬ್ಬ ಭೀಮರಾವ್ ಇರುತ್ತಾನೆ ಎಂದ. ಹುಡುಗ ತಲೆ ತಗ್ಗಿಸಿ ನಕ್ಕ. ಆಮೇಲೆ ಯಾವ ಕತೆಗೂ ಅವನಿಗೆ ಹುರುಪೂ ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ.

ಭರ್ತಿಗೆ ಒಂದು ವಾರ ಉಳಿದಾಗ ಕೃಷ್ಣಮ್ಮ ಗೇಟಿನ ಹತ್ತಿರವೇ ಬಂದಳು. ಈ ಸಲ ಕೈಯಲ್ಲಿ ಪಾತ್ರೆ ಇರಲಿಲ್ಲ. ಬಿಸಿಲಲ್ಲಿ ಸೆರಗು ತಲೆಗೆ ಹೊದ್ದು ಕಾಂಪೌಂಡಿನ ಗೋಡೆಗೆ ಒರಗಿ ನಿಂತಳು.

“ನಿನ್ ಕತೆ ಕೇಳಿ ಅವ್ನು ನಗ್ತಾನೆ ಗಂಗ. ಎಲ್ಲಾದ್ರೂ ಒಂದೇ ಅಂತ ಹೊಂಟವ್ನೆ. ನೀನೇ ಏನಾರಾ ಮಾಡು. ಅಪ್ಪ ಸತ್ತಾಗ ನೀನಿರ್ನಿಲ್ಲ. ನಾನು ಸತ್ತಾಗ ಇವ್ನಾರಾ ಇರ್ಲಿ.”

ಇಷ್ಟು ಹೇಳಿ ಹೊರಟುಹೋದಳು. ಗಂಗಯ್ಯನಿಗೆ ಆ ಮಧ್ಯಾಹ್ನ ಊಟ ಸೇರಲಿಲ್ಲ. ಬಂದ ಲಾರಿಗಳ ನಂಬರು ತಪ್ಪು ಬರೆದ. ಸಂಜೆಯ ಹೊತ್ತಿಗೆ ಅವನಿಗೆ ಒಂದು ದಾರಿ ಕಂಡಿತು. ಶೌರ್ಯ ಕೇಳಿದರೆ ಹುಡುಗರು ಹೋಗುತ್ತಾರೆ, ಸಾವು ಕೇಳಿದರೂ ಕೆಲವರು ಹೋಗುತ್ತಾರೆ. ಆದರೆ ಹದಿನೇಳು ವರ್ಷ ಲದ್ದಿ ಬಾಚುವುದಕ್ಕೆ ಯಾವ ಮಗ ಹೋದಾನು? ನಿಜ ಹೇಳಿಬಿಡಬೇಕು. ಹೇಳಿದರೆ ಮುನಿಶಾಮಯ್ಯನ ಬಾಯಿಂದ ಅದು ಮಾರನೆಯ ದಿನ ಕುದೂರು ಬಸ್ ಸ್ಟ್ಯಾಂಡಿಗೆ ಬರುತ್ತದೆ, ಆಮೇಲೆ ತೋಳಿನ ಪಟ್ಟಿ ನೋಡಿ ಲಾರಿ ಕ್ಲೀನರ್‌ಗಳೂ ನಗುತ್ತಾರೆ. ಆರು ವರ್ಷ ಕಟ್ಟಿದ ಮರ್ಯಾದೆ. ಬರೀ ಸುಳ್ಳಿನಿಂದ ಕಟ್ಟಿದ್ದಾದರೂ ಅವನ ಹತ್ತಿರ ಇದ್ದದ್ದು ಅದೊಂದೇ.

ಭಾನುವಾರ ಬಾವನ ಜಗಲಿಯಲ್ಲಿ ಮೂವರೂ ಇದ್ದರು. ಕೃಷ್ಣಮ್ಮ ಮೊರದಲ್ಲಿ ರಾಗಿ ಹಾಕಿಕೊಂಡು ಕೂತಿದ್ದಳು. ಗಂಗಯ್ಯ ಬಂದವನೇ ಅಂಗಿ ಬಿಚ್ಚಿ ಮುತ್ತುರಾಜುವಿನ ಮುಂದೆ ಬೆನ್ನು ಮಾಡಿ ಕೂತ.

“ನೋಡ್ಲಾ ಸರ್ಯಾಗಿ. ಇದು ಗುಂಡಲ್ಲ. ಹೇಸರಗತ್ತೆ ಕಚ್ಚಿದ್ದು.”

ಆಮೇಲೆ ಎಲ್ಲವನ್ನೂ ಹೇಳಿದ. ಬೆಳಗಿನ ಜಾವ ಎದ್ದು ಲದ್ದಿ ಬಾಚುವುದು, ಗೊರಸು ಕೆರೆಯುವುದು, ಕಡಲೆ ನೆನೆಹಾಕುವುದು. ಮೇಲಿನ ಚೌಕಿಗಳಿಗೆ ಸೀಮೆಎಣ್ಣೆ, ಹಿಟ್ಟು, ಆಲೂಗಡ್ಡೆ ಹೊರಿಸಿಕೊಂಡು ಹೋಗಿ ಖಾಲಿ ಡಬ್ಬ ಹೊರಿಸಿಕೊಂಡು ಬರುವುದು. ಗಡಿಯ ಆಚೆಯವನನ್ನು ಹದಿನೇಳು ವರ್ಷದಲ್ಲಿ ಒಮ್ಮೆ ದುರ್ಬೀನಿನಲ್ಲಿ ನೋಡಿದ್ದು, ಅವನೂ ಹಗ್ಗದ ಮೇಲೆ ಬನಿಯನ್ ಒಣಹಾಕುತ್ತಿದ್ದದ್ದು.

“ಅಂದ್ರೆ ಹದಿನಾಲ್ಕು?” ಎಂದ ಮುನಿಶಾಮಯ್ಯ.

“ಇಲ್ಲ ಬಾವ.”

“ಹೋಗ್ಲಿ, ಮೊದ್ಲು ಹೇಳಿದ್ ಏಳಾದ್ರೂ?”

“ಅದೂ ಇಲ್ಲ.”

ಬಾವ ಕುಡಿದ ರಮ್ಮೆಲ್ಲ ನೀರಾಯಿತು ಎನ್ನುವಂತೆ ಕೂತ. ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ನಿಜ ಹೇಳಿ ಅಭ್ಯಾಸವಿಲ್ಲದ ಗಂಗಯ್ಯನಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ಮಾರಮ್ಮನಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ತಾನಾಗಿ ಬಾಯಿಗೆ ಬಂತು.

“ಕಚ್ಚಿದ್ದು ಕೆಂಚಿ ಅಂತ. ಹೆಸರು ನಾನಿಕ್ಕಿದ್ದು. ಅವ್ರ ಲೆಕ್ಕದಲ್ಲಿ ಬರೀ ನಂಬರು. ಮೊದ್ಲು ಕಚ್ತು, ಆಮೇಲೆ ನನ್ನ ಬುಟ್ಟು ಯಾರ ಕೈಲೂ ಮೇಯ್ತಿರ್ನಿಲ್ಲ. ಒಂಬತ್ತು ವರ್ಷ. ನಾನು ಕನ್ನಡದಲ್ಲೇ ಮಾತಾಡ್ತಿದ್ದೆ. ಆ ಬೆಟ್ಟದಲ್ಲಿ ನನ್ ಮಾತು ತಿಳೀತಿದ್ದಿದ್ದು ಅದಕ್ಕೊಂದಕ್ಕೇಯ.”

ಮೊರದ ಸದ್ದು ನಿಂತಿತ್ತು. ಗಂಗಯ್ಯ ಅಕ್ಕನ ಕಡೆ ನೋಡದೆ ಹೇಳಿದ.

“ಅಪ್ಪ ಸತ್ತ ಟೆಲಿಗ್ರಾಮು ನಂಗೆ ಸಿಕ್ಕಿದ್ದು ಹತ್ತೊಂಬತ್ತು ದಿನದ ಮೇಲೆ. ದಾರಿ ಹಿಮದಲ್ಲಿ ಮುಚ್ಚೋಗಿತ್ತು. ನಾನು ಬರೋ ಹೊತ್ಗೆ ತಿಥಿ ಎಲ್ಲ ಆಗೋಗಿತ್ತು. ನಂಗೆ ಅಳು ಬರ್ನಿಲ್ಲ. ಎಲ್ರೂ ಮಿಲಿಟ್ರಿಯೋನು, ಎದೆ ಗಟ್ಟಿ ಅಂದ್ರು. ಗಟ್ಟಿ ಅಲ್ಲ ಅಕ್ಕ. ಅಪ್ಪ ಸತ್ತವ್ನೆ ಅಂತ ನನ್ ತಲೇಗೇ ಹೋಗಿರ್ನಿಲ್ಲ. ಸಮಾಧಿ ಮೇಲೆ ಹುಲ್ಲು ಬಂದಿತ್ತು. ಹುಲ್ಲು ನೋಡಿ ಯಾರಾರಾ ಅಳ್ತಾರಾ. ವಾಪಸ್ ಹೋದೆ. ನಾಕ್ ತಿಂಗ್ಳಿಗೆ, ಸೀಮೆಎಣ್ಣೆ ಹೊತ್ಕಂಡು ಇಳೀಬೇಕಾರೆ, ಕೆಂಚಿ ಜಾರ್ತು. ಮುಂಗಾಲು ಮುರ್ದು ಮೂಳೆ ಆಚೆ ಬಂತು. ಡಾಕ್ಟ್ರು ಎರಡು ದಿನದ ದಾರಿ ಆಚೆಗೆ. ಸುಬೇದಾರ ಬಂದೂಕು ನನ್ ಕೈಗೆ ಕೊಟ್ಟು, ನಿನ್ ಪ್ರಾಣಿ, ನೀನೇ ಮುಗ್ಸು ಅಂದ. ಹತ್ರ ಹೋಗಿ ಕೆಂಚಿ ಅಂದೆ. ನನ್ ದನಿ ಕೇಳಿದ್ದೇ ತಡ, ಆ ಕಾಲಲ್ಲೇ ಏಳಾಕೆ ನೋಡ್ತು.”

ಅವನು ಅಂಗಿಯನ್ನು ಮುದುರಿ ತೊಡೆಯ ಮೇಲೆ ಇಟ್ಟುಕೊಂಡ.

“ಹೊಡ್ದೆ. ಹೊಡ್ದ ಮೇಲೆ ಅದರ ಕುತ್ಗೆ ಮೇಲೆ ಬಿದ್ದು ಅತ್ತೆ. ಬಾಯಲ್ಲಿ ಕೆಂಚಿ ಅಂತ ಬರ್ನಿಲ್ಲ. ಅಪ್ಪಾ ಅಂತ ಬಂತು. ಅಪ್ಪಾ ಅಪ್ಪಾ ಅಂತ ಬಡ್ಕಂಡಿದ್ದು ಇಡೀ ಕಣಿವೆಗೆ ಕೇಳ್ಸಿತಂತೆ. ತಲೆ ಕೆಟ್ಟೈತೆ ಅಂತ ನಂಗೆ ಎರಡು ದಿನ ರಜ ಕೊಟ್ರು. ಅಪ್ಪಂಗೆ ಅಳದೇ ಇದ್ದೋನು ಹೇಸರಗತ್ತೆಗೆ ಅತ್ತ ಅಂತ ಊರಲ್ಲಿ ಹೆಂಗ್ ಹೇಳ್ಲಿ? ಅದಕ್ಕೇ ಏಳು ಅಂದೆ, ಹದಿನಾಲ್ಕು ಅಂದೆ. ನಾನು ಹೊಡೆದಿದ್ದು ಆ ಒಂದೇ ಜೀವ.”

ಕೃಷ್ಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಗ ಮುತ್ತುರಾಜು ಬಾಯಿ ಬಿಟ್ಟ.

“ಮಾವ, ಅವಕ್ಕೆ ಬರೀ ಕಡಲೇನಾ, ಹುಲ್ಲೂ ಹಾಕ್ತಾರಾ?”

“ಒಣಹುಲ್ಲು ಹಾಕ್ಲೇಬೇಕು. ಜೊತೆಗೆ ಒಸಿ ಉಪ್ಪು.”

“ಉಪ್ಪು ಕುರಿಗೂ ಕೊಡ್ತೀವಲ್ಲ. ಈಗ್ಲೂ ಇದ್ದಾವಾ ಅವು, ಮಿಲಿಟ್ರೀಲಿ?”

“ಇಲ್ದೆ ಏನ್ಲಾ. ಲಾರಿ ಹೋಗ್ದಿರೋ ಕಡೆ ಅವೇಯ. ಏನ್ ಅಂದ್ಕಂಡಿದ್ದೀಯ ಅವುನ್ನ? ಮುಂದೆ ಹಿಮ ಕುಸಿಯಂಗಿದ್ರೆ ಹೆಜ್ಜೆ ಎತ್ತಾಕಿಲ್ಲ. ನೀನು ಹೊಡ್ದು ಸಾಯ್ಸಿದ್ರೂ ಎತ್ತಾಕಿಲ್ಲ.”

ಹುಡುಗ ಹತ್ತಿರಕ್ಕೆ ಸರಿದು ಕೂತ. ಕಿವಿ ಹೇಗೆ ಆಡಿಸುತ್ತವೆ, ಕಾಯಿಲೆ ಬಿದ್ದರೆ ಏನು ಗುರುತು, ರಾತ್ರಿ ನಿಂತೇ ಮಲಗುತ್ತವೆಯೇ, ಮರಿ ಹಾಕುತ್ತವೆಯೇ. ಮಂದೆ ಮಾರಿದ ಮೇಲೆ ಅವನು ಒಟ್ಟಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಗಂಗಯ್ಯನಿಗೂ ಹದಿನೇಳು ವರ್ಷದಲ್ಲಿ ಕಲಿತ ವಿದ್ಯೆಯನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಅರ್ಧ ಗಂಟೆ ಬಿಡದೆ ಹೇಳಿದ, ಗೊರಸು ಎತ್ತುವುದು ಹೇಗೆಂದು ಬಾವನ ಕಾಲು ಎತ್ತಿ ತೋರಿಸಿದ. ಅಕ್ಕನ ಮುಖ ನೋಡಿದ್ದು ಅದೆಲ್ಲ ಮುಗಿದ ಮೇಲೆ. ಅವಳು ಮೊರ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಆಗ ಅವನಿಗೆ ತಾನು ಏನು ಮಾಡಿದೆನೆಂದು ಹೊಳೆಯಿತು. ಮೂರು ತಿಂಗಳ ಸುಳ್ಳಿಗೆ ಅಲ್ಲಾಡದ ಹುಡುಗನನ್ನು ಒಂದು ನಿಜ ಹೇಳಿ ಎಬ್ಬಿಸಿ ಕೂರಿಸಿದ್ದ. ತನ್ನಂಥ ಮುಠ್ಠಾಳನಿಗೆ ಆ ಕೆಂಚಿ ಭುಜಕ್ಕೆ ಕಚ್ಚುವ ಬದಲು ನಾಲಿಗೆಗೆ ಕಚ್ಚಬೇಕಿತ್ತು ಎಂದುಕೊಂಡ.

ಮುತ್ತುರಾಜು ಭರ್ತಿಗೆ ಹೋದ. ಓಟದಲ್ಲಿ ಮೊದಲ ಗುಂಪಿನಲ್ಲೇ ಬಂದ. ಕುರಿಗಳ ಹಿಂದೆ ಓಡಿದವನಿಗೆ ಅದೇನು ಮಹಾ. ಕುರಿ ಸಾಕಿ ಗೊತ್ತು, ಪ್ರಾಣಿಗಳ ಕೆಲಸ ಕೊಡಿ ಎಂದು ಅವರು ಕೇಳುವ ಮೊದಲೇ ಹೇಳಿದನಂತೆ. ಎರಡು ತಿಂಗಳಿಗೆ ಕಾಗದ ಬಂತು. ಇತ್ತ ಊರಿನಲ್ಲಿ ಹೇಸರಗತ್ತೆಯ ಸುದ್ದಿ ಎಲ್ಲೂ ಹಬ್ಬಲಿಲ್ಲ. ಮಗ ಮಿಲಿಟರಿಗೆ ಹೊರಟಿರುವಾಗ ಬಾಮೈದ ಲದ್ದಿ ಬಾಚಿದವನು ಎಂದು ಹೇಳಿಕೊಳ್ಳಲು ಮುನಿಶಾಮಯ್ಯನಿಗೆ ಇಷ್ಟವಿರಲಿಲ್ಲ. ಅವನು ತಾನಾಗಿ ಹದಿನಾಲ್ಕನ್ನು ಹದಿನಾರು ಮಾಡಿದ್ದ. ಗಂಗಯ್ಯ ಮಾತ್ರ ಯಾರಾದರೂ ಎಷ್ಟು ಎಂದು ಕೇಳಿದರೆ “ಒಂದು” ಎನ್ನಲು ಶುರುಮಾಡಿದ. ಹಾಲಿನವನು ಅದನ್ನು ಕೇಳಿ, ನಿಜವಾಗಿ ಮಾಡಿದೋರು ಹೇಳ್ಕಳಾಕಿಲ್ಲ ಎಂದು ಕೈಮುಗಿದ. ಸುಳ್ಳು ನಂಬಿದ ಜನ ನಿಜ ನಂಬಲು ತಯಾರಿಲ್ಲದಿದ್ದರೆ ಅವನಾದರೂ ಏನು ಮಾಡಬೇಕು?

ಈಗೀಗ ಬಸ್ಸು ಊರಿನ ಮುಂದೆ ನಿಲ್ಲದೆ ಫ್ಯಾಕ್ಟರಿ ಗೇಟಿಗೇ ನಿಲ್ಲುತ್ತಿತ್ತು. ಮುತ್ತುರಾಜು ಹೊರಟ ಬೆಳಿಗ್ಗೆ ಎಲ್ಲರೂ ಅಲ್ಲಿಗೇ ಬಂದರು. ಹುಡುಗ ಅಪ್ಪನ ಕಾಲಿಗೆ ಬಿದ್ದ, ಅವ್ವನ ಕಾಲಿಗೆ ಬಿದ್ದ, ಮಾವನ ಕಾಲಿಗೆ ಬೀಳಲು ಬಂದಾಗ ಗಂಗಯ್ಯ ತೋಳು ಹಿಡಿದು ಎತ್ತಿದ. ಕೃಷ್ಣಮ್ಮ ಮಗನ ಕಾಲರ್ ಸರಿಮಾಡಿ, ಹೋಗ್ಬುಟ್ಟು ಬಾ ಎಂದಳು. ಕಣ್ಣಲ್ಲಿ ಒಂದು ತೊಟ್ಟು ನೀರಿಲ್ಲ. ಬಸ್ಸು ಸೋಲೂರಿನ ಕಡೆ ಹೊರಟಿತು. ಮುನಿಶಾಮಯ್ಯ ಎದುರಿನ ಟೀ ಅಂಗಡಿಗೆ ಹೋಗಿ ಮಗನ ವಿಚಾರ ಹೇಳಲು ನಿಂತ.

ನಿಜ ಹೇಳಿದ ಆ ಭಾನುವಾರದಿಂದ ಅಕ್ಕ ಗಂಗಯ್ಯನ ಹತ್ತಿರ ಮಾತು ಬಿಟ್ಟಿದ್ದಳು.

“ಬಯ್ಯಕ್ಕ ನನ್ನ. ನಿನ್ ಮಗನ್ನ ನಾನೇ ಕಳಿಸ್ಬುಟ್ಟೆ,” ಎಂದ.

ಅವಳು ಬೈಯಲಿಲ್ಲ. ಬಸ್ಸು ಹೋದ ದಾರಿಯನ್ನೇ ನೋಡುತ್ತ ಹೇಳಿದಳು.

“ನೀನು ಟ್ರಂಕು ಹೊತ್ಕಂಡು ಹೋದ ದಿನ ಅಪ್ಪ ಬಸ್ಸಿನ ತಾವ ನಗ್ತಾ ನಿಂತಿದ್ದ. ಮನೇಗ್ ಬಂದೋನೇ ಕುರಿ ರೊಪ್ಪದೊಳಕ್ಕೆ ಹೋಗಿ ಬಾಗ್ಲು ಎಳ್ಕಂಡ. ಕುರಿ ಮಧ್ಯೆ ಕೂತ್ಕಂಡು ಅಳ್ತಿದ್ದ. ಕುರಿ ಅರಚೋ ಗಲಾಟೇಲಿ ಯಾರ್ಗೂ ಕೇಳಿಸ್ನಿಲ್ಲ. ನಾನು ಸೊಪ್ಪು ಹಾಕಾಕೆ ಹೋಗಿ ನೋಡ್ದೆ, ಸುಮ್ಕೆ ವಾಪಸ್ ಬಂದೆ.” ಊರಿನ ಕಡೆ ಕೈ ತೋರಿಸಿದಳು. “ಈಗ ನಮ್ ರೊಪ್ಪದ ಜಾಗದಲ್ಲಿ ನಿಮ್ ಬಾವ ಐದು ರೂಮು ಕಟ್ಸಿ ಬಾಡ್ಗೆಗೆ ಕೊಟ್ಟವ್ನೆ. ಮನೆ ತುಂಬ ಫ್ಯಾಕ್ಟ್ರಿ ಹುಡುಗ್ರು. ನಾನ್ ಎಲ್ಲಿಗ್ ಹೋಗಿ ಅಳ್ಲಿ ಹೇಳು.”

ಗಂಗಯ್ಯ ಅವಳ ರಟ್ಟೆ ಹಿಡಿದು ಗೇಟಿನ ಪಕ್ಕದ ಕ್ಯಾಬಿನ್ನಿಗೆ ಕರೆದುಕೊಂಡು ಹೋದ. ರಿಜಿಸ್ಟರು ಬದಿಗೆ ಸರಿಸಿ ಕುರ್ಚಿಯಲ್ಲಿ ಕೂರಿಸಿದ. ಆಚೆ ಬಂದು ಬಾಗಿಲು ಎಳೆದುಕೊಂಡು ಅದಕ್ಕೆ ಬೆನ್ನು ಕೊಟ್ಟು ನಿಂತ.

ಹಾಲಿನವನು ಸೈಕಲ್ ನಿಲ್ಲಿಸಿ ಕಿವಿಗೊಟ್ಟ.

“ಒಳಗ್ ಯಾರೋ ಹೆಂಗಸು ಅಳ್ತಾವ್ರಲ್ಲ ಗಂಗಣ್ಣ?”

“ಯಾರೂ ಇಲ್ಲ,” ಎಂದ ಗಂಗಯ್ಯ. “ನೀನ್ ಹಾಲು ಹಾಕ್ಬುಟ್ಟು ಬಾ.”